ಹತ್ತು ಲಕ್ಷವಿದ್ದರೆ ತಿಳಿವಳಿಕೆಯೂ ಇದ್ದಂತೆಯೇ? ಲಿವರೇಜ್ಡ್ ಫಂಡ್‌ಗಳ ಬಾಗಿಲು ಮತ್ತು ಮೈಸೂರು ಸೀಮೆಯ ಸಣ್ಣ ಹೂಡಿಕೆದಾರರು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವ ನಮ್ಮ ಪಕ್ಕದ ಮನೆಯ ಹುಡುಗನೊಬ್ಬ ಮಂಗಳವಾರಗಳಂದು ಬೆಳಗಿನ ಪಾಳಿ ಬೇಡವೆಂದು ಕೇಳಿ ತಪ್ಪಿಸಿಕೊಳ್ಳುತ್ತಾನೆ. ನಿಫ್ಟಿ ಷೇರು ಸೂಚ್ಯಂಕದ ಏರಿಳಿತದ ಮೇಲೆ ಪಣ ಕಟ್ಟುವ ವಾರದ ಆಪ್ಷನ್ ಒಪ್ಪಂದಗಳ ಅವಧಿ ಮುಗಿಯುವುದು ಈಗ ಮಂಗಳವಾರ. ಒಂಬತ್ತೂಕಾಲಕ್ಕೆ ಪೇಟೆ ತೆರೆಯುವ ಮುನ್ನ ಆತ ಮೊಬೈಲಿನಲ್ಲಿ ಬ್ರೋಕರ್ ಆ್ಯಪ್ ತೆರೆದರೆ ಪರದೆಯ ಮೇಲೆ ಎಚ್ಚರಿಕೆಯೊಂದು ಬರುತ್ತದೆ: ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದಲ್ಲಿ ವಹಿವಾಟು ಮಾಡುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ನಷ್ಟ ಅನುಭವಿಸಿದ್ದಾರೆ ಎಂದು. ಈ ಎಚ್ಚರಿಕೆಯನ್ನು 2023ರ ಜುಲೈ 1ರಿಂದ ನಮ್ಮ ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಸೆಬಿ ಕಡ್ಡಾಯ ಮಾಡಿದೆ. ಹುಡುಗ ಅದನ್ನು ಓದುವುದಿಲ್ಲ. ಕೆಳಗಿರುವ ಗುಂಡಿಯ ಜಾಗ ಅವನ ಹೆಬ್ಬೆರಳಿಗೆ ಬಾಯಿಪಾಠವಾಗಿದೆ. ಕಣ್ಣು ಟೀವಿಯ ಕಡೆ ಇದ್ದಾಗಲೂ ಬೆರಳು ಅಲ್ಲಿಗೇ ಹೋಗುತ್ತದೆ.

ಇದೇ ಹುಡುಗ ಕೆಲವು ವಾರಗಳ ಹಿಂದೆ ಕಾಂಪೌಂಡಿನಾಚೆಯಿಂದ ಕೇಳಿದ: "ಅಂಕಲ್, ಸೂಚ್ಯಂಕ ಶೇ 1ರಷ್ಟು ಏರಿದರೆ ಶೇ 2ರಷ್ಟೋ 3ರಷ್ಟೋ ಏರುವ ಫಂಡ್ ಅಮೆರಿಕದಲ್ಲಿ ಯಾರು ಬೇಕಾದರೂ ಕೊಳ್ಳಬಹುದಂತೆ. ನಮ್ಮಲ್ಲಿ ಯಾಕೆ ಕೊಡಲ್ಲ?" ಪ್ರಶ್ನೆ ಸರಳವಾಗಿತ್ತು, ಆದರೆ ನೆಟ್ಟಗಿನ ಉತ್ತರ ನನಗೆ ತಕ್ಷಣ ಹೊಳೆಯಲಿಲ್ಲ. ಹತ್ತರಲ್ಲಿ ಒಂಬತ್ತು ಮಂದಿ ಸೋಲುತ್ತಾರೆಂದು ಸರ್ಕಾರಿ ನಿಯಂತ್ರಕರೇ ಹೇಳುವ ಆಟಕ್ಕೆ ಅವನಿಗೆ ಪ್ರವೇಶವಿದೆ. ಹಾಕಿದ ಹಣಕ್ಕಿಂತ ಹೆಚ್ಚು ಕಳೆದುಕೊಳ್ಳಲು ಸಾಧ್ಯವೇ ಇಲ್ಲದ ಫಂಡ್‌ಗೆ ಪ್ರವೇಶವಿಲ್ಲ. ಈ ವಿಚಿತ್ರವನ್ನು ಬಿಡಿಸಿ ನೋಡದೆ ಇಂಥ ಲಿವರೇಜ್ಡ್ ಫಂಡ್‌ಗಳ ನಿಯಂತ್ರಣದ ಬಗ್ಗೆ ಮಾತನಾಡುವುದು ಕಷ್ಟ.

ಲಿವರೇಜ್ ಎಂದರೆ ಸನ್ನೆಗೋಲಿನ ಕೆಲಸ. ಕೈಯಲ್ಲಿರುವ ಬಲಕ್ಕಿಂತ ದೊಡ್ಡ ಭಾರವನ್ನು ಎತ್ತುವುದು. ನೂರು ರೂಪಾಯಿ ಇರುವವರು ಇನ್ನೂರು ರೂಪಾಯಿಯ ಷೇರಿನ ಏರಿಳಿತವನ್ನು ಮೈಮೇಲೆ ಹಾಕಿಕೊಳ್ಳುತ್ತಾರೆ. ಅದಕ್ಕೆ ಸಾಲ ತೆಗೆಯಬಹುದು, ಇಲ್ಲವೇ ಫ್ಯೂಚರ್ಸ್, ಸ್ವಾಪ್ ಮುಂತಾದ ಡಿರೈವೇಟಿವ್‌ಗಳನ್ನು, ಅಂದರೆ ಷೇರು ಅಥವಾ ಸೂಚ್ಯಂಕದ ಬೆಲೆಯನ್ನು ಆಧರಿಸಿದ ಒಪ್ಪಂದಗಳನ್ನು ಬಳಸಬಹುದು. ಲಿವರೇಜ್ಡ್ ಇಟಿಎಫ್‌ನಲ್ಲಿ, ಅಂದರೆ ಷೇರಿನಂತೆ ಪೇಟೆಯಲ್ಲೇ ಕೊಂಡು ಮಾರಬಹುದಾದ ಇಂಥ ಫಂಡ್‌ನಲ್ಲಿ, ಈ ಕೆಲಸವನ್ನು ಫಂಡ್ ತನ್ನ ಹೊಟ್ಟೆಯೊಳಗೇ ಮಾಡಿಕೊಳ್ಳುತ್ತದೆ. ಕೊಂಡವರಿಗೆ ಇನ್ನಷ್ಟು ಹಣ ಕಟ್ಟಿ ಎಂಬ ಮಾರ್ಜಿನ್ ಕರೆ ಬರುವುದಿಲ್ಲ, ಸಾಲದ ಕಾಗದಕ್ಕೆ ಸಹಿ ಬೀಳುವುದಿಲ್ಲ, ಫಂಡ್ ನೆಲಕಚ್ಚಿದರೂ ಹೋಗುವುದು ಹಾಕಿದಷ್ಟೇ. ಅಮೆರಿಕದಲ್ಲಿ ಇಂಥ ಇಟಿಎಫ್‌ಗಳು 2006ರಿಂದ ಇವೆ.

ಭಾರತದ ಮ್ಯೂಚುವಲ್ ಫಂಡ್‌ಗಳಿಗೆ ಈ ದಾರಿ ಮುಚ್ಚಿದೆ. ಷೇರು, ಸಾಲಪತ್ರ, ಡಿರೈವೇಟಿವ್ ಎಲ್ಲವನ್ನೂ ಕೂಡಿಸಿದರೆ ಬರುವ ಒಟ್ಟು ಹೂಡಿಕೆಯ ಹರವು ಯೋಜನೆಯ ನಿವ್ವಳ ಆಸ್ತಿಯ ಶೇ 100ನ್ನು ಮೀರುವಂತಿಲ್ಲ ಎಂದು ಸೆಬಿ 2010ರಲ್ಲೇ ಸುತ್ತೋಲೆ ಹೊರಡಿಸಿದೆ. ಫಂಡ್ ಸಾಲ ಮಾಡಬಹುದಾದರೂ ಅದು ಹಣ ಹಿಂಪಡೆಯುವವರಿಗೆ ಕೊಡುವಂಥ ತಾತ್ಕಾಲಿಕ ಅಗತ್ಯಕ್ಕೆ ಮಾತ್ರ, ಆಸ್ತಿಯ ಶೇ 20 ಹಾಗೂ ಆರು ತಿಂಗಳ ಮಿತಿಯೊಳಗೆ. ಅಂದರೆ ನಮ್ಮಲ್ಲಿ ಎರಡು ಪಟ್ಟಿನ ನಿಫ್ಟಿ ಫಂಡ್ ಇಲ್ಲದಿರುವುದಕ್ಕೆ ಕಾರಣ ಬೇಡಿಕೆಯ ಕೊರತೆಯಲ್ಲ. ಅದನ್ನು ಕಟ್ಟಲು ನಿಯಮ ಬಿಡುವುದಿಲ್ಲ.

ಸಾಲದ ಬಲ ಬಳಸುವ ಫಂಡ್‌ಗಳು ದೇಶದಲ್ಲಿ ಇಲ್ಲವೇ ಇಲ್ಲವೆಂದಲ್ಲ. ಪರ್ಯಾಯ ಹೂಡಿಕೆ ನಿಧಿಗಳ ಮೂರನೇ ವರ್ಗದವು ತಮ್ಮ ಆಸ್ತಿಯ ಎರಡು ಪಟ್ಟಿನವರೆಗೆ ಲಿವರೇಜ್ ಬಳಸಬಹುದು. ಅಲ್ಲಿ ಕಾಲಿಡಲು ಸಾಮಾನ್ಯವಾಗಿ ಕನಿಷ್ಠ 1 ಕೋಟಿ ರೂಪಾಯಿ ಬೇಕು. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿಶೇಷ ಹೂಡಿಕೆ ನಿಧಿ, ಅಂದರೆ ಎಸ್‌ಐಎಫ್, ಮ್ಯೂಚುವಲ್ ಫಂಡ್‌ಗೂ ಕೋಟ್ಯಧಿಪತಿಗಳ ನಿಧಿಗಳಿಗೂ ನಡುವಿನ ಮೆಟ್ಟಿಲು. ಅದರಲ್ಲಿ ಡಿರೈವೇಟಿವ್ ಮೂಲಕ ಶೇ 25ರವರೆಗೆ ಪೇಟೆ ಇಳಿಯುತ್ತದೆಂಬ ಪಣವನ್ನೂ ಕಟ್ಟಬಹುದು, ಆದರೆ ಅದೂ ಪಟ್ಟು ಹೆಚ್ಚಿಸುವ ಫಂಡ್ ಅಲ್ಲ. ಅದರ ಬಾಗಿಲಲ್ಲಿ ಕೇಳುವುದು ಕನಿಷ್ಠ 10 ಲಕ್ಷ. ಎರಡೂ ಕಡೆ ಬಾಗಿಲು ಕಾಯುವವನು ನೋಡುವುದು ಒಂದನ್ನೇ, ಜೇಬನ್ನು.

ಈ ಜೇಬಿನ ಅಳತೆಯ ಬಗ್ಗೆಯೇ ಮುಂದೆ ನನ್ನ ತಕರಾರಿದೆ. ಅದಕ್ಕೂ ಮೊದಲು ಈ ಫಂಡ್‌ಗಳ ಲೆಕ್ಕವನ್ನು ಕೂತು ಮಾಡಬೇಕು, ಏಕೆಂದರೆ ಬೇಕು ಎನ್ನುವವರೂ ಬೇಡ ಎನ್ನುವವರೂ ಸಾಮಾನ್ಯವಾಗಿ ಇದನ್ನು ಹಾರಿಸಿಬಿಡುತ್ತಾರೆ.

ಲಿವರೇಜ್ಡ್ ಇಟಿಎಫ್ ಮಾತು ಕೊಡುವುದು ದಿನದ ಲೆಕ್ಕಕ್ಕೆ ಮಾತ್ರ. ಇವತ್ತು ಸೂಚ್ಯಂಕ ಎಷ್ಟು ಏರಿತೋ ಅದರ ಮೂರು ಪಟ್ಟು. ನಾಳೆ ಹೊಸ ಲೆಕ್ಕ. ಒಂದು ಲಕ್ಷ ರೂಪಾಯಿ ಹಾಕಿದ್ದೀರಿ ಎಂದುಕೊಳ್ಳಿ. ಸೂಚ್ಯಂಕ ಇವತ್ತು ಶೇ 10 ಏರಿ ನಾಳೆ ಶೇ 10 ಇಳಿದರೆ ಮಾಮೂಲಿ ಸೂಚ್ಯಂಕ ಫಂಡ್‌ನಲ್ಲಿ 99,000 ರೂಪಾಯಿ ಉಳಿಯುತ್ತದೆ. ಮೂರು ಪಟ್ಟಿನ ಫಂಡ್‌ನಲ್ಲಿ ಲಕ್ಷವು 1,30,000 ಆಗಿ, ಅದರ ಮೇಲೆ ಶೇ 30 ಕಳೆದು 91,000ಕ್ಕೆ ಬರುತ್ತದೆ. ಸೂಚ್ಯಂಕದ ನಷ್ಟ ಒಂದು ಸಾವಿರ, ಇದರದು ಒಂಬತ್ತು ಸಾವಿರ. ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಪೇಟೆ ಎತ್ತಲೂ ಹೋಗದೆ ದಿನ ಬಿಟ್ಟು ದಿನ ಶೇ 2 ಏರಿ ಶೇ 2 ಇಳಿಯುತ್ತ 250 ದಿನ ಕಳೆದರೆ ಮಾಮೂಲಿ ಫಂಡ್‌ನ ಲಕ್ಷ ಸುಮಾರು 95 ಸಾವಿರದಲ್ಲಿ ನಿಲ್ಲುತ್ತದೆ, ಎರಡು ಪಟ್ಟಿನದು ಸುಮಾರು 82 ಸಾವಿರದಲ್ಲಿ, ಮೂರು ಪಟ್ಟಿನದು ಸುಮಾರು 64 ಸಾವಿರದಲ್ಲಿ. ಯಾರೂ ಮೋಸ ಮಾಡಿರುವುದಿಲ್ಲ. ಗುಣಾಕಾರದ ಸ್ವಭಾವವೇ ಅದು.

ಪಾಠದ ಉದಾಹರಣೆ ಬೇಡವೆನ್ನುವವರು 2024ರ ಜೂನ್ ಮೊದಲ ವಾರವನ್ನು ತೆಗೆದುಕೊಳ್ಳಬಹುದು. ಮತಗಟ್ಟೆ ಸಮೀಕ್ಷೆಗಳ ಹುರುಪಿನಲ್ಲಿ ಜೂನ್ 3ರ ಸೋಮವಾರ ನಿಫ್ಟಿ 23,263.90ಕ್ಕೆ ಮುಗಿಯಿತು. ಲೋಕಸಭೆಯ ಮತ ಎಣಿಕೆಯ ದಿನವಾದ ಮಂಗಳವಾರ 21,884.50ಕ್ಕೆ ಕುಸಿಯಿತು. ಮುಂದಿನ ಮೂರು ದಿನ ಏರುತ್ತ ಬಂದು ಶುಕ್ರವಾರ 23,290.15ಕ್ಕೆ ನಿಂತಿತು. ಸೋಮವಾರ ಸಂಜೆ ಮಾಮೂಲಿ ನಿಫ್ಟಿ ಫಂಡ್‌ಗೆ ಲಕ್ಷ ಹಾಕಿದವರ ಕೈಯಲ್ಲಿ ಶುಕ್ರವಾರ ಲಕ್ಷದ ಮೇಲೆ ನೂರು ರೂಪಾಯಿ ಚಿಲ್ಲರೆ ಇತ್ತು. ಮೂರು ಪಟ್ಟಿನ ನಿಫ್ಟಿ ಫಂಡ್ ಒಂದು ಇದ್ದಿದ್ದರೆ, ಖರ್ಚು ಬಿಟ್ಟು ಲೆಕ್ಕ ಹಾಕಿದರೂ, ಮಂಗಳವಾರ ಸಂಜೆ ಸುಮಾರು 82,200ಕ್ಕೆ ಇಳಿದು ಶುಕ್ರವಾರ 98,600ರ ಆಸುಪಾಸಿಗೆ ಮರಳುತ್ತಿತ್ತು. ಸೂಚ್ಯಂಕ ಪೂರ್ತಿ ಚೇತರಿಸಿಕೊಂಡರೂ ಫಂಡ್ ಚೇತರಿಸಿಕೊಳ್ಳಲಿಲ್ಲ. ನಾಲ್ಕು ದಿನದ ಲೆಕ್ಕದಲ್ಲಿ ಇದು ಸಾವಿರದ ನಾನೂರು ರೂಪಾಯಿಯ ಮಾತು. ವರ್ಷಗಟ್ಟಲೆ ಇಟ್ಟುಕೊಂಡರೆ ಎಷ್ಟಾಗಬಹುದೆಂದು ತಿಳಿಯಲು ಅಮೆರಿಕದ ಕಡೆ ನೋಡಬೇಕು. ನ್ಯಾಸ್‌ಡ್ಯಾಕ್ 100 ಸೂಚ್ಯಂಕ 2022ರಲ್ಲಿ ಸುಮಾರು ಶೇ 33 ಇಳಿದಾಗ ಅದರ ಮೂರು ಪಟ್ಟಿನ ಇಟಿಎಫ್, ಎಲ್ಲರೂ ಟಿಕ್ಯೂಕ್ಯೂಕ್ಯೂ ಎಂದು ಕರೆಯುವ ಅದು, ಸುಮಾರು ಶೇ 79 ಕಳೆದುಕೊಂಡಿತು. 2023ರಲ್ಲಿ ಸೂಚ್ಯಂಕ ಪುಟಿದೆದ್ದು 2021ರ ಕೊನೆಯ ಮಟ್ಟವನ್ನು ದಾಟಿತು. ಇಟಿಎಫ್ ಆ ವರ್ಷ ಹೆಚ್ಚುಕಡಿಮೆ ಮೂರು ಪಟ್ಟಾದರೂ 2021ರ ಕೊನೆಗಿಂತ ಶೇ 35ಕ್ಕೂ ಹೆಚ್ಚು ಕೆಳಗೇ ಉಳಿಯಿತು.

ಇಲ್ಲಿಗೆ ನಿಲ್ಲಿಸಿದರೆ ಲೆಕ್ಕದ ಅರ್ಧವನ್ನು ಬಚ್ಚಿಟ್ಟಂತಾಗುತ್ತದೆ. ಪೇಟೆ ಒಂದೇ ದಿಕ್ಕಿಗೆ ಓಡುವಾಗ ಇದೇ ಗುಣಾಕಾರ ಹೂಡಿಕೆದಾರರ ಪರವಾಗಿ ಕೆಲಸ ಮಾಡುತ್ತದೆ. ಸತತ ಮೂರು ದಿನ ಶೇ 10 ಏರಿದರೆ ಮಾಮೂಲಿ ಲಕ್ಷ 1,33,100 ಆಗುತ್ತದೆ, ಮೂರು ಪಟ್ಟಿನದು 2,19,700 ಆಗುತ್ತದೆ. ಲಾಭವನ್ನು ಮೂರರಿಂದ ಗುಣಿಸಿದರೆ ಬರುವ ಮೊತ್ತಕ್ಕಿಂತಲೂ ಇದು ಹೆಚ್ಚು. 2010ರಲ್ಲಿ ಶುರುವಾದ ಟಿಕ್ಯೂಕ್ಯೂಕ್ಯೂ, 2022ರ ಕುಸಿತವನ್ನು ಸೇರಿಸಿಕೊಂಡೂ, ಮೊದಲ ದಿನ ಕೊಂಡು ಕೂತವರ ಹಣವನ್ನು ನೂರು ಪಟ್ಟಿಗಿಂತ ಹೆಚ್ಚು ಮಾಡಿದೆ. ಈ ಒಂದು ಸಂಗತಿಯೇ ಜಗತ್ತಿನಾದ್ಯಂತ ಸಣ್ಣ ಹೂಡಿಕೆದಾರರು ಈ ಫಂಡ್‌ಗಳ ಪರವಾಗಿ ವಾದ ಮಾಡಲು ಕಾರಣ. ಅವರನ್ನು ದುರಾಸೆಯವರೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ.

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆ ಮುಗಿಸಿ ಒಂದೇ ಬೆಂಚಿನ ಸುತ್ತ ಸೇರುವ ನಮ್ಮ ಗುಂಪಿನಲ್ಲಿ ಈ ಮಾತು ಎತ್ತಿದಾಗ ಅಭಿಪ್ರಾಯಗಳು ನಾನೆಣಿಸಿದಂತೆ ವಯಸ್ಸಿನ ಮೇಲೆ ಒಡೆಯಲಿಲ್ಲ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಹಿರಿಯರೊಬ್ಬರು ಫಂಡ್ ಬರಲೇಬಾರದು ಎಂದರು. ಅವರ ಭಯ ಗುಣಾಕಾರದ್ದಲ್ಲ, ಕಮಿಷನ್ನಿನದು. ಠೇವಣಿ ಮಾಡಿಸಲು ಬಂದವರಿಗೆ ವಿಮೆ ಪಾಲಿಸಿ ಅಂಟಿಸಿ ಕಳುಹಿಸುವುದನ್ನು ಕೌಂಟರಿನ ಈ ಕಡೆ ಕೂತು ಕಂಡವರು ಅವರು. ಎರಡು ಪಟ್ಟಿನ ಫಂಡ್ ಬಂದ ಮರುತಿಂಗಳೇ ಅದನ್ನು ತಿಂಗಳ ಕಂತಿನ 'ಡಬಲ್ ಎಸ್‌ಐಪಿ' ಎಂದು ಮಾರುತ್ತಾರೆ ನೋಡಿ ಎಂದರು. ಐ.ಟಿ. ಕಂಪನಿಯಲ್ಲಿ ಕೆಲಸ ಮಾಡುವ ಮಗಳು ಅಮೆರಿಕದಲ್ಲಿರುವ ಇನ್ನೊಬ್ಬರು, ಆಕೆ ಅಲ್ಲಿ ಇಂಥ ಇಟಿಎಫ್ ಇಟ್ಟುಕೊಂಡಿದ್ದಾಳೆ, ಅವಳು ದೊಡ್ಡವಳಾದ್ದು ಸರಸ್ವತಿಪುರಂನಲ್ಲೇ, ವಿಮಾನ ಹತ್ತಿದ ಕೂಡಲೇ ಬುದ್ಧಿ ಬಂದುಬಿಟ್ಟಿತೇ ಎಂದು ಕೇಳಿದರು. ನಾನೇ ಉತ್ತರ ಕೊಡಬೇಕಾದವನಂತೆ ಎಲ್ಲರೂ ನನ್ನ ಮುಖ ನೋಡಿದರು. ಶಾಲೆಯೊಂದರಲ್ಲಿ ಗಣಿತ ಕಲಿಸುವ ಮಹಿಳೆಯೊಬ್ಬರ ಮಾತು ಇವೆರಡಕ್ಕೂ ಸೇರದ್ದು: ಬರುವುದಾದರೆ ಬರಲಿ, ಆದರೆ ಹಾಕಿದ ಹಣ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಬೇಕು ಎಂಬ ಕಟ್ಟಳೆ ಇರಲಿ. ಅವರ ಸೋದರಮಾವನ ಮಗ ಹೆಂಡತಿಯ ಒಡವೆ ಅಡವಿಟ್ಟು ಆಪ್ಷನ್ ಆಡಿದ್ದು ಮನೆಗೆ ಗೊತ್ತಾದದ್ದು ಹರಾಜಿನ ನೋಟಿಸ್ ಬಂದ ದಿನವಂತೆ. ಆ ಕಟ್ಟಳೆಯನ್ನು ಜಾರಿ ಮಾಡುವುದು ಹೇಗೆಂದು ನನಗೆ ತೋಚಲಿಲ್ಲ. ಆದರೆ ನಿಯಂತ್ರಣದ ಚರ್ಚೆ ಹೂಡಿಕೆದಾರನನ್ನು ಒಂಟಿ ಮನುಷ್ಯನೆಂದು ಕಾಣುತ್ತದೆ, ನಮ್ಮಲ್ಲಿ ನಷ್ಟ ಒಂಟಿಯಾಗಿ ಆಗುವುದಿಲ್ಲ ಎಂಬ ಅವರ ಗ್ರಹಿಕೆ ಗಟ್ಟಿಯಾದದ್ದು.

ಮಂಡ್ಯದ ಎಪಿಎಂಸಿಯಲ್ಲಿ ಬೆಲ್ಲದ ಮಂಡಿ ಇಟ್ಟಿರುವ ಪರಿಚಿತರೊಬ್ಬರು ಲಿವರೇಜ್ ಪದ ಕೇಳಿರಲಿಲ್ಲ. ಅರ್ಥ ಹೇಳಿದೊಡನೆ, ನಮ್ಮ ಕಸುಬೇ ಅದಲ್ಲವೇ ಎಂದರು. ಆಲೆಮನೆಯವರಿಗೆ ಮುಂಗಡ ಕೊಡುವುದು, ಆ ಮುಂಗಡಕ್ಕೆ ತಾವೇ ಬೇರೆ ಕಡೆ ಹಣ ಎತ್ತುವುದು, ಬೆಲ್ಲದ ದರ ಇಳಿದರೆ ಎರಡೂ ಕಡೆಯಿಂದ ಪೆಟ್ಟು ತಿನ್ನುವುದು ಅವರಿಗೆ ಹೊಸತಲ್ಲ. ಸಾಲದಲ್ಲಿ ನಡೆಯುವ ವ್ಯಾಪಾರಕ್ಕೆ ದಿನದ ಲೆಕ್ಕ ಬೇಕು, ದಿನಾ ಲೆಕ್ಕ ನೋಡದವನು ಇದಕ್ಕೆ ಕೈಹಾಕಬಾರದು ಎಂದಷ್ಟೇ ಅವರು ಹೇಳಿದ್ದು. ಅಮೆರಿಕದ ಫಂಡ್ ಕಂಪನಿಗಳ ಮಾಹಿತಿ ಪತ್ರಗಳಲ್ಲೂ ಹೆಚ್ಚುಕಡಿಮೆ ಇದೇ ಮಾತಿರುತ್ತದೆ: ದಿನಾಲೂ ನಿಗಾ ಇಡಲಾರದವರು ಕೊಳ್ಳಬೇಡಿ ಎಂದು.

ಅಮೆರಿಕದಲ್ಲಿ ಇದೇ ಪ್ರಶ್ನೆ ಎರಡು ಬಾರಿ ಕಾವೇರಿದೆ. 2019ರ ನವೆಂಬರ್‌ನಲ್ಲಿ ಅಲ್ಲಿನ ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿ, ಲಿವರೇಜ್ಡ್ ಫಂಡ್ ಕೊಳ್ಳುವ ಮುನ್ನ ಬ್ರೋಕರ್ ಗ್ರಾಹಕನ ಆದಾಯ, ಅನುಭವ, ತಿಳಿವಳಿಕೆಗಳನ್ನು ವಿಚಾರಿಸಿ ಒಪ್ಪಿಗೆ ಕೊಡಬೇಕೆಂಬ ಕರಡು ನಿಯಮ ಮುಂದಿಟ್ಟಿತು. ಸಣ್ಣ ಹೂಡಿಕೆದಾರರಿಂದ ಸಾವಿರಾರು ಆಕ್ಷೇಪಣಾ ಪತ್ರಗಳು ಬಂದವು. 2020ರ ಅಕ್ಟೋಬರ್‌ನಲ್ಲಿ ಅಂತಿಮ ನಿಯಮ ಹೊರಬಂದಾಗ ಆ ಭಾಗ ಬಿದ್ದುಹೋಗಿತ್ತು. ಬದಲಿಗೆ ಫಂಡ್ ಹೊರಬಹುದಾದ ಅಪಾಯಕ್ಕೇ ಮೂಲ ಸೂಚ್ಯಂಕದ ಎರಡು ಪಟ್ಟಿನ ಆಸುಪಾಸಿನಲ್ಲಿ ಮಿತಿ ಬಿತ್ತು, ಆಗಾಗಲೇ ಇದ್ದ ಮೂರು ಪಟ್ಟಿನ ಫಂಡ್‌ಗಳಿಗೆ ವಿನಾಯಿತಿ ಸಿಕ್ಕಿತು. 2022ರ ಮಾರ್ಚ್‌ನಲ್ಲಿ ಬ್ರೋಕರ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಯಾದ ಫಿನ್ರಾ, ಇಂಥ ಸಂಕೀರ್ಣ ಉತ್ಪನ್ನಗಳಿಗೆ ಪರೀಕ್ಷೆಯಂಥದ್ದು ಬೇಕೇ ಎಂದು ಕೇಳಿತು. ಮತ್ತೆ ಸಾವಿರಾರು ಪತ್ರಗಳು. ಅವುಗಳ ಸಾರ ಒಂದೇ ಆಗಿತ್ತು: ನಮ್ಮ ಹಣ, ನಮ್ಮ ತೀರ್ಮಾನ, ಸಿರಿವಂತರಿಗೆ ತೆರೆದಿರುವ ಬಾಗಿಲನ್ನು ನಮಗೆ ಮುಚ್ಚಬೇಡಿ.

ದಕ್ಷಿಣ ಕೊರಿಯಾ ಬೇರೆ ದಾರಿ ಹಿಡಿಯಿತು. 2020ರಲ್ಲಿ ಲಿವರೇಜ್ಡ್ ಇಟಿಎಫ್‌ಗಳ ಮೇಲೆ ಅಲ್ಲಿನ ಸಣ್ಣ ಹೂಡಿಕೆದಾರರು ಮುಗಿಬಿದ್ದಾಗ, ಕೊಳ್ಳುವವರ ಖಾತೆಯಲ್ಲಿ ಕನಿಷ್ಠ 1 ಕೋಟಿ ವಾನ್ ಇರಬೇಕು, ನಮ್ಮ ಲೆಕ್ಕದಲ್ಲಿ 6 ಲಕ್ಷ ರೂಪಾಯಿಯ ಆಚೀಚೆ, ಜೊತೆಗೆ ಆನ್‌ಲೈನ್ ಪಾಠವೊಂದನ್ನು ಮುಗಿಸಿರಬೇಕು ಎಂದು ಕಟ್ಟಳೆ ಮಾಡಿ 2021ರ ಜನವರಿ ಹೊತ್ತಿಗೆ ಪೂರ್ತಿ ಜಾರಿಗೆ ತಂದಿತು. ಅಂದರೆ ಜೇಬನ್ನೂ ನೋಡುವುದು, ತಲೆಯನ್ನೂ ನೋಡುವುದು. ಇಷ್ಟಾದರೂ ಕೊರಿಯಾದವರು ಅಮೆರಿಕದ ಪೇಟೆಯಲ್ಲಿರುವ ಮೂರು ಪಟ್ಟಿನ ಇಟಿಎಫ್‌ಗಳ ದೊಡ್ಡ ಗಿರಾಕಿಗಳಾಗಿ ಬೆಳೆದರು. ಮನೆಯ ಬಾಗಿಲು ಕಿರಿದಾದಾಗ ಪಕ್ಕದ ಮನೆಯ ಬಾಗಿಲು ತಟ್ಟಿದರು.

ನಮ್ಮಲ್ಲಿ ಪಕ್ಕದ ಮನೆಯ ಬಾಗಿಲುಗಳು ಇನ್ನೂ ಅಪಾಯಕಾರಿ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ವಿದೇಶಕ್ಕೆ ಕಳುಹಿಸಬಹುದಾದರೂ ಅಲ್ಲಿನ ಪೇಟೆಗಳ ಮಾರ್ಜಿನ್‌ಗಾಗಿ ಕಳುಹಿಸುವಂತಿಲ್ಲ. ಆ ಬೇಲಿಯ ಕಂಡಿಯಲ್ಲೇ ನುಸುಳುವ ಅನಧಿಕೃತ ಫಾರೆಕ್ಸ್ (ವಿದೇಶಿ ಕರೆನ್ಸಿ ವಹಿವಾಟಿನ) ತಾಣಗಳು ನೂರು ಪಟ್ಟು, ಐನೂರು ಪಟ್ಟು ಎಂದು ಆಸೆ ತೋರಿಸುತ್ತವೆ. ಅಂಥವುಗಳ ಹೆಸರುಗಳನ್ನು ರಿಸರ್ವ್ ಬ್ಯಾಂಕ್ 2022ರಿಂದ ಎಚ್ಚರಿಕೆ ಪಟ್ಟಿಯಾಗಿ ಪ್ರಕಟಿಸುತ್ತಿದೆ. ಷೇರುಪೇಟೆಯ ಹೊರಗೆ, ಬರೀ ಬಾಯಿಮಾತಿನ ಲೆಕ್ಕದಲ್ಲಿ ನಡೆಯುವ ಡಬ್ಬಾ ಟ್ರೇಡಿಂಗ್ ಕಾನೂನುಬಾಹಿರವಾಗಿದ್ದರೂ ನಿಂತಿಲ್ಲ. ಕಾನೂನಿನ ಒಳಗೇ ನೋಡಿದರೂ ಸನ್ನೆಗೋಲುಗಳಿಗೆ ಬರವಿಲ್ಲ. ದಿನದೊಳಗೆ ಕೊಂಡು ಮಾರುವ ಷೇರು ವಹಿವಾಟಿಗೆ ಐದು ಪಟ್ಟಿನವರೆಗೆ ಅವಕಾಶವಿದೆ. ಬ್ರೋಕರ್‌ನಿಂದಲೇ ಸಾಲ ಪಡೆದು ಷೇರು ಇಟ್ಟುಕೊಳ್ಳುವ ಮಾರ್ಜಿನ್ ಟ್ರೇಡಿಂಗ್ ಸೌಲಭ್ಯ ಆ್ಯಪ್‌ನಲ್ಲಿ ಒಂದು ಗುಂಡಿಯಷ್ಟು ದೂರದಲ್ಲಿದೆ, ಬಡ್ಡಿ ದಿನದ ಲೆಕ್ಕದಲ್ಲಿ ಏರುತ್ತದೆ. ಇನ್ನು ಆಪ್ಷನ್ಸ್ ಪೇಟೆಯ ಕಥೆ ಎಲ್ಲರಿಗೂ ಗೊತ್ತಿರುವುದೇ.

ಆ ಕಥೆಯ ಅಂಕಿಗಳನ್ನು ಮಾತ್ರ ಇಲ್ಲಿ ಹೇಳಲೇಬೇಕು, ಏಕೆಂದರೆ ನಿಯಂತ್ರಣದ ಪರವಾದ ವಾದ ನಿಂತಿರುವುದು ಅವುಗಳ ಮೇಲೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಕಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿತು. ಇವರಲ್ಲಿ ನಾಲ್ಕರಲ್ಲಿ ಮೂವರಿಗೂ ಹೆಚ್ಚು ಮಂದಿಯ ಘೋಷಿತ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆ, ಮತ್ತು ಶೇ 72ರಷ್ಟು ಮಂದಿ ದೇಶದ ಮೊದಲ 30 ನಗರಗಳ ಆಚೆಯವರು. ಅದೇ ವರ್ಷದ ಅಕ್ಟೋಬರ್ 1ರ ಸುತ್ತೋಲೆಯಲ್ಲಿ ಸೆಬಿ ಸೂಚ್ಯಂಕದ ಒಪ್ಪಂದದ ಕನಿಷ್ಠ ಗಾತ್ರವನ್ನು 5ರಿಂದ 10 ಲಕ್ಷದ ಮಟ್ಟದಿಂದ 15 ಲಕ್ಷಕ್ಕೆ ಏರಿಸಿತು, ವಾರದ ಒಪ್ಪಂದಗಳನ್ನು ಒಂದು ಪೇಟೆಗೆ ಒಂದೇ ಸೂಚ್ಯಂಕಕ್ಕೆ ಸೀಮಿತಗೊಳಿಸಿತು. ಸಣ್ಣವರು ತಾವಾಗಿಯೇ ದೂರ ಸರಿಯಲಿ ಎಂಬುದು ಇದರ ಹಿಂದಿನ ಎಣಿಕೆ. 2025ರ ಜುಲೈಯಲ್ಲಿ ಬಂದ ಮುಂದಿನ ಅಧ್ಯಯನ, 2024–25ರಲ್ಲೂ ಶೇ 91ರಷ್ಟು ಮಂದಿ ಸೋತರೆಂದೂ ನಿವ್ವಳ ನಷ್ಟ 74,812 ಕೋಟಿಯಿಂದ 1,05,603 ಕೋಟಿಗೆ ಏರಿತೆಂದೂ ಹೇಳಿತು. ಹೊಸ ಕ್ರಮಗಳು ಜಾರಿಯಾದದ್ದು ಆ ವರ್ಷದ ನಡುವೆ ಎಂಬುದನ್ನು ನ್ಯಾಯವಾಗಿ ನೆನಪಿಡಬೇಕು. ಆದರೂ ಒಪ್ಪಂದ ದೊಡ್ಡದಾದಾಗ ನಮ್ಮ ಪಕ್ಕದ ಮನೆಯ ಹುಡುಗ ಏನು ಮಾಡಿದನೆಂಬುದು ಯಾವ ಅಧ್ಯಯನದಲ್ಲೂ ಬರುವುದಿಲ್ಲ. ಅವನೂ ಅವನ ಪಾಳಿಯ ಇಬ್ಬರು ಗೆಳೆಯರೂ ಸೇರಿ, ಚೀಟಿ ಹಾಕಿದಂತೆ ಹಣ ಕೂಡಿಸಿ, ಒಬ್ಬನ ಖಾತೆಯಲ್ಲಿ ಆಡತೊಡಗಿದರು. ಲಾಭವಾದರೆ ಮೂರು ಪಾಲು. ನಷ್ಟವಾದಾಗ ಪಾಲು ಹಂಚುವುದು ಅಷ್ಟು ಸಲೀಸಾಗಲಿಲ್ಲ, ಈಗ ಒಬ್ಬನೊಂದಿಗೆ ಮಾತಿಲ್ಲ. ಮೊದಲು ತನ್ನ ನಷ್ಟವನ್ನಾದರೂ ಅವನು ತಾನೇ ನೋಡುತ್ತಿದ್ದ. ಬಾಗಿಲಿನ ಎತ್ತರವನ್ನು ರೂಪಾಯಿಯಲ್ಲಿ ಅಳೆದರೆ ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತು ದಾಟುತ್ತಾರೆ.

ಜೇಬಿನ ಅಳತೆಯ ಬಗ್ಗೆ ನನ್ನ ತಕರಾರು ಇದಕ್ಕಿಂತಲೂ ಒಂದು ಹೆಜ್ಜೆ ಮುಂದಿನದು. ಹತ್ತು ಲಕ್ಷ ಇರುವವರು ನಷ್ಟ ತಾಳಿಕೊಳ್ಳಬಲ್ಲರು, ಬೇಕಿದ್ದರೆ ಸಲಹೆಗಾರರನ್ನು ಇಟ್ಟುಕೊಳ್ಳಬಲ್ಲರು ಎಂಬ ಊಹೆ ಮುಂಬೈನಲ್ಲಿ ನಿಜವಿರಬಹುದು. ಮೈಸೂರಿನ ಮಧ್ಯಮ ವರ್ಗದ ಮನೆಯೊಂದಕ್ಕೆ ಹತ್ತು ಲಕ್ಷ ರೂಪಾಯಿ ಒಟ್ಟಿಗೆ ಮೊದಲ ಸಲ ಬರುವುದು ಯಾವಾಗ? ಯಜಮಾನರು ನಿವೃತ್ತರಾಗಿ ಗ್ರಾಚುಟಿ, ಭವಿಷ್ಯನಿಧಿ ಕೈಗೆ ಬಂದಾಗ, ಇಲ್ಲವೇ ಅಪ್ಪ ಮಾಡಿಟ್ಟ ಸೈಟು ಮಾರಿದಾಗ. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಹೆದ್ದಾರಿಗೋ ಬಡಾವಣೆಗೋ ಜಮೀನು ಹೋಗಿ ಪರಿಹಾರ ಬಂದಾಗ. ಅಂದರೆ ಮತ್ತೆ ದುಡಿಯಲಾಗದ, ಕಳೆದುಕೊಂಡರೆ ತುಂಬಿಕೊಳ್ಳಲಾಗದ ಹಣ ಅದು. ಬರುವುದು ಷೇರಿನ ಅನುಭವವೇ ಇಲ್ಲದ ಮನೆಗೆ. ಹತ್ತು ಲಕ್ಷದ ಗೆರೆ ಇವರನ್ನು ಒಳಗೆ ಬಿಡುತ್ತದೆ. ತಿಂಗಳಿಗೆ ಐದು ಸಾವಿರ ಉಳಿಸುತ್ತ, ಗುಣಾಕಾರದ ಲೆಕ್ಕ ಬರೆದು ತೋರಿಸಬಲ್ಲ, ಮುಂದೆ ಮೂವತ್ತು ವರ್ಷದ ದುಡಿಮೆ ಇರುವ ಇಪ್ಪತ್ತೆಂಟರ ಎಂಜಿನಿಯರನ್ನು ಹೊರಗೆ ನಿಲ್ಲಿಸುತ್ತದೆ. ರಕ್ಷಣೆ ಬೇಕಾದವರಿಗೆ ಬಾಗಿಲು ತೆರೆದು, ರಕ್ಷಣೆ ಬೇಡದವರಿಗೆ ಮುಚ್ಚುವ ಅಳತೆಗೋಲು ಇದು.

ಹಾಗಾದರೆ ತಿಳಿವಳಿಕೆಯನ್ನೇ ಅಳೆಯಬಹುದೇ? ಬೆಂಚಿನವರ ಮೇಲೆ ಒಂದು ಸಣ್ಣ ಪ್ರಯೋಗ ಮಾಡಿದೆ. ಹಾಲಿನ ಬಿಲ್ಲಿನ ಹಿಂದೆ ಪ್ರಶ್ನೆಯೊಂದನ್ನು ಬರೆದು ಕೊಟ್ಟೆ: ಸೂಚ್ಯಂಕ ಒಂದು ದಿನ ಶೇ 10 ಏರಿ ಮರುದಿನ ಶೇ 10 ಇಳಿದರೆ ಎರಡು ಪಟ್ಟಿನ ಫಂಡ್‌ನಲ್ಲಿ ಹಾಕಿದ ಲಕ್ಷ ಎಷ್ಟಾಗುತ್ತದೆ? ಐವರಲ್ಲಿ ಮೂವರು ಲಕ್ಷವೇ ಉಳಿಯುತ್ತದೆ ಎಂದರು, ಒಬ್ಬರು 98,000 ಎಂದರು. ಸರಿಯಾಗಿ 96,000 ಎಂದವರು ಗಣಿತದ ಮೇಡಂ ಒಬ್ಬರೇ. ಲಕ್ಷ ಎಂದ ಮೂವರಲ್ಲಿ ಫಂಡ್ ಬೇಕೆಂದವರೂ ಇದ್ದರು, ಬೇಡವೆಂದವರೂ ಇದ್ದರು. ಐದು ಜನರ ಮೇಲಿನ ಪ್ರಯೋಗದಿಂದ ಏನನ್ನೂ ಸಾಧಿಸಲಾಗದು, ಅದು ಗೊತ್ತಿದೆ. ಆದರೆ ಪರವೂ ವಿರೋಧವೂ ಲೆಕ್ಕದ ಮೇಲೆ ನಿಂತಿಲ್ಲವೆಂಬ ಅನುಮಾನ ನನಗೆ ಅಲ್ಲಿ ಬಲವಾಯಿತು.

ಪರೀಕ್ಷೆ ಇಟ್ಟರೆ ಉತ್ತರಗಳ ವಿಡಿಯೊ ಎರಡೇ ದಿನದಲ್ಲಿ ಯೂಟ್ಯೂಬಿನಲ್ಲಿ ಇರುತ್ತದೆ, ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಯ ಗತಿಯೇ ಇದಕ್ಕೂ ಆಗುತ್ತದೆ ಎಂಬ ಆಕ್ಷೇಪ ಸಾಧಾರಣವಾದುದಲ್ಲ. ಆ್ಯಪ್‌ನ ಎಚ್ಚರಿಕೆ ಹೆಬ್ಬೆರಳಿನ ಅಭ್ಯಾಸವಾಗಿರುವುದನ್ನು ಕಂಡ ಮೇಲೆ ಕಾಗದದ ಮೇಲಿನ ಯಾವ ರಕ್ಷಣೆಯನ್ನೂ ಪೂರ್ತಿ ನಂಬಲಾಗುವುದಿಲ್ಲ. ಮ್ಯೂಚುವಲ್ ಫಂಡ್‌ಗಳ ಅಪಾಯಮಾಪಕದ ಮುಳ್ಳು ಇದಕ್ಕೆ ಇನ್ನೊಂದು ಉದಾಹರಣೆ. ಆರು ಮಟ್ಟಗಳ ಆ ಚಿತ್ರದಲ್ಲಿ ಮಾಮೂಲಿ ಷೇರು ಫಂಡ್‌ಗಳ ಮುಳ್ಳೇ ಸಾಮಾನ್ಯವಾಗಿ 'ಅತಿ ಹೆಚ್ಚು' ಎಂಬ ಕೊನೆಯ ಗುರುತಿಗೆ ತಾಗಿ ನಿಂತಿದೆ. ಮೂರು ಪಟ್ಟಿನ ಫಂಡ್ ಬಂದರೆ ಮುಳ್ಳು ಹೋಗುವುದೆಲ್ಲಿಗೆ? ಆದರೂ ಪರೀಕ್ಷೆಯಲ್ಲಿ ಜೇಬಿನ ಅಳತೆಗಿಲ್ಲದ ಒಂದು ಗುಣವಿದೆ: ಉತ್ತರವನ್ನು ಬಾಯಿಪಾಠ ಮಾಡಿದವನು ಕೂಡ 96,000 ಎಂಬ ಸಂಖ್ಯೆಯನ್ನು ಒಮ್ಮೆಯಾದರೂ ನೋಡಿರುತ್ತಾನೆ. ಸೆಬಿಯ ಪರವಾಗಿ ರಾಷ್ಟ್ರೀಯ ಷೇರುಪೇಟೆ ಅಧ್ಯಯನ ಸಂಸ್ಥೆ ಹೂಡಿಕೆದಾರರಿಗಾಗಿ ಉಚಿತ ಪ್ರಮಾಣಪತ್ರ ಪರೀಕ್ಷೆಯನ್ನು ಈಗಾಗಲೇ ನಡೆಸುತ್ತಿದೆ, ಅದು ಐಚ್ಛಿಕ. ಹೊಸ ಯಂತ್ರ ಕಟ್ಟಬೇಕಾಗಿಲ್ಲ, ಇರುವುದನ್ನು ಬಾಗಿಲಿಗೆ ತಂದು ನಿಲ್ಲಿಸಿದರೆ ಸಾಕು.

ನನ್ನನ್ನು ಕೇಳಿದರೆ, ವಿಶಾಲ ಸೂಚ್ಯಂಕಕ್ಕೆ ಮಾತ್ರ, ಎರಡು ಪಟ್ಟು ಮೀರದಂತೆ, ವಿತರಕರಿಗೆ ಕಮಿಷನ್ ಇಲ್ಲದ ನೇರ ಯೋಜನೆಯಾಗಿ ಇಂಥ ಫಂಡ್‌ಗೆ ಅವಕಾಶ ಕೊಡಬಹುದು ಎನ್ನುತ್ತೇನೆ. ಮೂರು ಪಟ್ಟು ಬೇಡ, ಒಂದೇ ಷೇರಿನ ಲಿವರೇಜ್ ಅಂತೂ ಬೇಡವೇ ಬೇಡ. ನಮ್ಮ ಪೇಟೆಯಲ್ಲಿ ಸೂಚ್ಯಂಕ ಶೇ 20 ಕುಸಿದರೆ ಆ ದಿನದ ವಹಿವಾಟೇ ನಿಲ್ಲುವುದರಿಂದ ಎರಡು ಪಟ್ಟಿನ ಫಂಡ್ ಒಂದೇ ದಿನದಲ್ಲಿ ಹೆಚ್ಚೆಂದರೆ ಶೇ 40ರ ಆಸುಪಾಸು ಕಳೆದುಕೊಂಡೀತು. 2020ರ ಮಾರ್ಚ್ 23ರಂದು ನಿಫ್ಟಿ ಶೇ 13ರಷ್ಟು ಬಿದ್ದಂಥ ದಿನ ಶೇ 26. ಇದು ಭಯಾನಕವೇ. ಆದರೆ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಆಪ್ಷನ್ನಿನ ಪೂರ್ತಿ ಹಣ ಸೊನ್ನೆಯಾಗುವುದಕ್ಕಿಂತ ಕಡಿಮೆ ಭಯಾನಕ. ಎಸ್‌ಐಪಿ ಮೂಲಕ ಇದನ್ನು ಮಾರುವಂತಿಲ್ಲ ಎಂದೂ ಸೇರಿಸುತ್ತೇನೆ. ಎಸ್‌ಐಪಿ ಎಂದರೆ ಹಾಕಿ ಮರೆಯುವುದು ಎಂದು ಜನರಿಗೆ ನಾವೇ ಕಲಿಸಿದ್ದೇವೆ, ಮರೆತವರಿಗೆ ಈ ಫಂಡ್ ಅಲ್ಲ. ಫಂಡ್ ಬಂದರೆ ಆಪ್ಷನ್ಸ್ ಆಡುವವರು ಅದನ್ನು ಬಿಟ್ಟು ಇಲ್ಲಿಗೆ ಬರುತ್ತಾರೋ ಅಥವಾ ಮಾಮೂಲಿ ಫಂಡ್‌ನಲ್ಲಿ ನೆಮ್ಮದಿಯಾಗಿದ್ದವರು ಕೆಟ್ಟು ಇಲ್ಲಿಗೆ ಬರುತ್ತಾರೋ ಎಂಬ ಪ್ರಶ್ನೆಗೆ ಮೊದಲನೆಯದೇ ಹೆಚ್ಚು ಎಂದು ನಂಬಲು ನನಗಿರುವ ಆಧಾರ ಮಂಗಳವಾರದ ಆ ಹುಡುಗ ಒಬ್ಬನೇ. ಬ್ಯಾಂಕಿನ ಹಿರಿಯರು ಎರಡನೆಯದೇ ಆಗುವುದು ಎಂದು ಪಟ್ಟು ಹಿಡಿದಿದ್ದಾರೆ, ಅವರನ್ನು ಒಪ್ಪಿಸಲು ನನ್ನಿಂದಾಗಿಲ್ಲ.

ಇದೆಲ್ಲ ಸೆಬಿಯ ಕಿವಿಗೆ ಬೀಳುವ ದಾರಿಯಾದರೂ ಯಾವುದು? 2024ರ ಜುಲೈ 30ರಂದು ಡಿರೈವೇಟಿವ್ ಕ್ರಮಗಳ ಸಮಾಲೋಚನಾ ಪತ್ರ ಹೊರಬಿದ್ದಾಗ ಅಭಿಪ್ರಾಯ ಕಳುಹಿಸಲು ಆಗಸ್ಟ್ 20ರವರೆಗೆ ಗಡುವಿತ್ತು. ಮೂರು ವಾರ. ಆ ಮೂರು ವಾರದಲ್ಲಿ ನಮ್ಮ ಬೆಂಚಿನಿಂದ ಒಂದು ಸಾಲೂ ಹೋಗಲಿಲ್ಲ; ಅಂಥ ಪತ್ರವೊಂದು ಬಂದಿದೆ ಎಂಬುದೇ ನಮಗೆ ತಿಳಿದದ್ದು ನಿಯಮ ಜಾರಿಯಾದ ಮೇಲೆ. ಅಮೆರಿಕದ ಸಣ್ಣ ಹೂಡಿಕೆದಾರರು ಪತ್ರ ಬರೆದೇ ಕರಡಿನ ಒಂದು ಭಾಗವನ್ನು ಕೈಬಿಡಿಸಿದರು ಎಂದು ಹೇಳಿದಾಗ ಬೆಂಚಿನಲ್ಲಿ ಸ್ವಲ್ಪ ಹೊತ್ತು ಮಾತಿರಲಿಲ್ಲ. ಮುಂದೆ ಇಂಥ ಪತ್ರವೇನಾದರೂ ಬಂದರೆ ನಾವೂ ಬರೆಯೋಣ ಎಂದು ತೀರ್ಮಾನವಾಗಿದೆ. ಬ್ಯಾಂಕಿನ ಹಿರಿಯರು ಬೇಡವೆಂದು ಬರೆಯುತ್ತಾರೆ, ನಾನು ಎರಡು ಪಟ್ಟಿಗೆ ಬೇಕೆಂದು ಬರೆಯುತ್ತೇನೆ. ಗಣಿತದ ಮೇಡಂ ತಮ್ಮದು ಒಂದೇ ಬೇಡಿಕೆ ಎಂದರು: ಪರೀಕ್ಷೆ ಇಡುವುದಾದರೆ ಪ್ರಶ್ನೆ ಕನ್ನಡದಲ್ಲಿರಲಿ, ಶೇಕಡದಲ್ಲಿ ಕೇಳಬೇಡಿ, ರೂಪಾಯಿಯಲ್ಲಿ ಕೇಳಿ.